ಕೊಳವೆಯೊಳಗಿನ ಮಂಜುಗಡ್ಡೆ

ನಿನ್ನೆ ರಾತ್ರಿ ಯಲಹಂಕದಲ್ಲಿ ಜೋರು ಮಳೆ. ಒಣಗಿಹಾಕಿದ ಬಟ್ಟೆ ತೆಗೆಯಲು ಟೆರೇಸಿಗೆ ಹೋದವಳು, ಗುಡುಗಿನ ಮಧ್ಯೆ ವಿಮಾನದ ಸದ್ದು ಕೇಳಿ ಅಲ್ಲೇ ನಿಂತೆ. ತಮ್ಮ ದೆಹಲಿಯಿಂದ ಬರುತ್ತಿದ್ದ.

ನೆನಪಾಗಿದ್ದು 2009ರ ಏರ್ ಫ್ರಾನ್ಸ್ 447 ವಿಮಾನ ದುರಂತ. ಬಿರುಗಾಳಿಯೇ ವಿಮಾನ ಮುರಿಯಿತು ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಲ್ಲ. 35,000 ಅಡಿ ಎತ್ತರದಲ್ಲಿ, ವೇಗ ಅಳೆಯುವ ಪಿಟೋ ಕೊಳವೆಗಳಲ್ಲಿ ಮಂಜುಗಡ್ಡೆಯ ಹರಳು ಕಟ್ಟಿಕೊಂಡಿತು. ವೇಗದ ಲೆಕ್ಕ ತಪ್ಪಿತು, ಆಟೋಪೈಲಟ್ ಕೈಬಿಟ್ಟಿತು. ಸಹ ಪೈಲಟ್ ವಿಮಾನದ ಮೂತಿ ಮೇಲಕ್ಕೆತ್ತುತ್ತಲೇ ಹೋದರು. ಅಲ್ಲಿ ಗಾಳಿ ತೆಳು. ರೆಕ್ಕೆಗೆ ಆಸರೆ ತಪ್ಪಿತು. ಎಚ್ಚರಿಕೆಯ ದನಿ ಒಂದೇ ಸಮ 54 ಸೆಕೆಂಡು ಕೂಗಿತು. 228 ಜನ ಹೋದರು. ಕೊಳವೆಯ ಅಡಚಣೆ ಮಾತ್ರ ಒಂದು ನಿಮಿಷದೊಳಗೇ ಸರಿಹೋಗಿತ್ತು. ಅದನ್ನು ನೆನೆದರೆ ಹೊಟ್ಟೆ ಕಿವುಚುತ್ತದೆ.

ಹನ್ನೊಂದೂವರೆಗೆ ಫೋನ್ ಬಂತು. ‘ಅಕ್ಕಾ, ಇಳಿದೆ. ಊಟ ಇದೆಯಾ?’ ಸಾರು ಬಿಸಿಗಿಟ್ಟೆ.