ಕೆರಟೊಕೋನಸ್ ಕಣ್ಣಿಗೆ ಐಸಿಎಲ್: ಹಾಸನದಿಂದ ಹೊರಡುವ ಮುಂಚೆ

ಕೆರಟೊಕೋನಸ್ ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುವ ಕಾಯಿಲೆ. ಐಸಿಎಲ್ ಅಂದರೆ ಹುಟ್ಟು ಲೆನ್ಸನ್ನು ತೆಗೆಯದೆ ಆಪರೇಷನ್ ಮಾಡಿ ಕಣ್ಣೊಳಗೆ ಕೂರಿಸುವ ಲೆನ್ಸು. ಸಕಲೇಶಪುರ, ಆಲೂರು ಕಡೆಯ ಹುಡುಗರು ಕೇಳುವುದು ಒಂದೇ: "ಸರ್, ಕಣ್ಣೊಳಗೆ ಲೆನ್ಸ್ ಹಾಕಿಸಿದ್ರೆ ಕನ್ನಡಕ ಹೋಗುತ್ತಾ?" ಅದಕ್ಕೆ ಮೊದಲು ಗೊತ್ತಾಗಬೇಕಾದ್ದು, ಕನ್ನಡಕ ಹಾಕಿದಾಗ ಬೋರ್ಡಿನಲ್ಲಿ ಎಷ್ಟನೇ ಸಾಲು ಓದುತ್ತೀರಿ ಅಂತ. 6/9 ಅಥವಾ 6/12 ಓದಿದರೆ (ಕೆಳಗಿನ ನಂಬರ್ ದೊಡ್ಡದಾದಷ್ಟು ದೃಷ್ಟಿ ಕಮ್ಮಿ) ಮಾತು ಮುಂದುವರಿಸಬಹುದು. ಕನ್ನಡಕದಲ್ಲಿ 6/36, ಗಟ್ಟಿ ಕಾಂಟ್ಯಾಕ್ಟ್ ಲೆನ್ಸಿನಲ್ಲಿ ಮಾತ್ರ 6/9 ಅನ್ನುವವರಿಗೆ ನಿರಾಸೆಯೇ ಹೆಚ್ಚು. ಐಸಿಎಲ್ ಕೂರುವುದು ಕಣ್ಣಿನ ಬಣ್ಣದ ಪರದೆಯ ಹಿಂದೆ, ಹುಟ್ಟು ಲೆನ್ಸಿನ ಮುಂದೆ. ಪವರ್, ಸಿಲಿಂಡರ್ (ಒಂದು ದಿಕ್ಕಿನಲ್ಲಿ ಮಾತ್ರ ಬೇಕಾಗುವ ಪವರ್) ತಿದ್ದುತ್ತದೆ; ಉಬ್ಬಿದ ಕಾರ್ನಿಯಾದ ಅಂಕುಡೊಂಕು ಹಾಗೇ ಇರುತ್ತದೆ. ಗಟ್ಟಿ ಲೆನ್ಸಾದರೆ ಆ ಡೊಂಕನ್ನು ಕಣ್ಣೀರಿನ ಪದರದಿಂದ ಮಟ್ಟ ಮಾಡುತ್ತದೆ.

ಕಾಯಿಲೆ ನಿಂತಿರಬೇಕು, ಇದರಲ್ಲಿ ರಾಜಿ ಇಲ್ಲ. ಕನಿಷ್ಠ ಒಂದು ವರ್ಷ ಟೊಪೋಗ್ರಫಿ, ಅಂದರೆ ಮಶೀನು ತೆಗೆಯುವ ಕಾರ್ನಿಯಾದ ಉಬ್ಬುತಗ್ಗಿನ ನಕ್ಷೆ, ಬದಲಾಗಿರಬಾರದು. ಇನ್ನೂ ಜಾಸ್ತಿಯಾಗುತ್ತಿದ್ದರೆ ಮೊದಲು ಸಿ3ಆರ್ (ಔಷಧಿ ಹನಿ, ಯುವಿ ಬೆಳಕಿನಿಂದ ಕಾರ್ನಿಯಾ ಗಟ್ಟಿ ಮಾಡುವ ಚಿಕಿತ್ಸೆ), ಆಮೇಲೆ 6ರಿಂದ 12 ತಿಂಗಳು ಕಾಯಬೇಕು. ಹಳೆಯ ರಿಪೋರ್ಟುಗಳನ್ನೆಲ್ಲ ಫೈಲಿನಲ್ಲಿ ಒಯ್ಯಿರಿ. ಆದರೆ ಒಂದು ಮಶೀನಿನ ನಂಬರನ್ನು ಇನ್ನೊಂದರ ಜೊತೆ ಹೋಲಿಸಬೇಡಿ, ಕಂಪನಿಗೊಂದು ಲೆಕ್ಕ. ಗಟ್ಟಿ ಲೆನ್ಸನ್ನು ಅಳತೆಗೆ 2–3 ವಾರ ಮೊದಲೇ ಬಿಡಿ. ಬಸ್ಸಿನಲ್ಲಿ ಬಿಚ್ಚಿಕೊಂಡು ಬೆಂಗಳೂರಲ್ಲಿ ಇಳಿದರೆ ಬರುವುದು ಲೆನ್ಸು ಒತ್ತಿದ ಕಾರ್ನಿಯಾದ ಅಳತೆ, ನಿಮ್ಮದಲ್ಲ.

ಕಣ್ಣಿನ ಮುಂಕೋಣೆಯ (ಕಾರ್ನಿಯಾಕ್ಕೂ ಹುಟ್ಟು ಲೆನ್ಸಿಗೂ ನಡುವಿನ ಜಾಗ) ಆಳ ಸಾಮಾನ್ಯವಾಗಿ 2.8 ಮಿ.ಮೀ.ಗಿಂತ ಕಡಿಮೆ ಇರಬಾರದು. ಕೆರಟೊಕೋನಸ್‌ನಲ್ಲಿ ಕಾರ್ನಿಯಾ ಮುಂದೆ ಉಬ್ಬಿರುವುದರಿಂದ ಈ ಜಾಗಕ್ಕೆ ಅಷ್ಟು ಬರ ಇಲ್ಲ. ಕಷ್ಟ ಇರುವುದು ಐಸಿಎಲ್ ಸೈಜಿನಲ್ಲಿ: 12.1, 12.6, 13.2, 13.7 ಮಿ.ಮೀ., ಇಷ್ಟೇ ಆಯ್ಕೆ. ಐಸಿಎಲ್‌ಗೂ ಹುಟ್ಟು ಲೆನ್ಸಿಗೂ ನಡುವಿನ ಅಂತರಕ್ಕೆ ವಾಲ್ಟ್ ಅನ್ನುತ್ತಾರೆ. ಸುಮಾರು 250ರಿಂದ 750 ಮೈಕ್ರಾನ್ ಇದ್ದರೆ ನೆಮ್ಮದಿ. ತೀರಾ ಕಮ್ಮಿಯಾದರೆ ಪೊರೆ ಬರುವ ಭಯ, ಜಾಸ್ತಿಯಾದರೆ ಮುಂದಿನ ಮೂಲೆ ಇಕ್ಕಟ್ಟಾಗಿ ಕಣ್ಣಿನ ಒಳಗಿನ ಪ್ರೆಶರ್ ಏರುವ ಭಯ.

ಟೋರಿಕ್ ಐಸಿಎಲ್‌ಗೆ (ಸಿಲಿಂಡರನ್ನೂ ತಿದ್ದುವ ಐಸಿಎಲ್) ಆಕ್ಸಿಸ್, ಅಂದರೆ ಸಿಲಿಂಡರ್ ಕೂರಬೇಕಾದ ದಿಕ್ಕಿನ, ಗುರುತನ್ನು ರೋಗಿಯನ್ನು ನೆಟ್ಟಗೆ ಕೂರಿಸಿಯೇ ಹಾಕುತ್ತಾರೆ, ಮಲಗಿದರೆ ಕಣ್ಣು ಕೆಲವು ಡಿಗ್ರಿ ಹೊರಳುತ್ತದೆ. 4 ಡಯಾಪ್ಟರ್ ಸಿಲಿಂಡರ್ ಲೆನ್ಸು 10 ಡಿಗ್ರಿ ತಿರುಗಿದರೆ ಸುಮಾರು 1.4 ಉಳಿದುಬಿಡುತ್ತದೆ. ಹಾಗಾದರೆ ಮತ್ತೆ ಒಳಗೆ ಹೋಗಿ ತಿರುಗಿಸಬೇಕು.

ಯಾರೂ ಕೇಳದ ಒಂದು ವಿಷಯ: ಮುಂದೆ ಗಟ್ಟಿ ಲೆನ್ಸೋ ಸ್ಕ್ಲೆರಲ್ ಲೆನ್ಸೋ (ಕಣ್ಣಿನ ಬಿಳಿಭಾಗದ ಮೇಲೆ ಕೂರುವ ದೊಡ್ಡ ಗಟ್ಟಿ ಲೆನ್ಸು) ಬೇಕಾದರೆ? ಅವು ಕಾರ್ನಿಯಾದ ಸಿಲಿಂಡರನ್ನು ಅಳಿಸುತ್ತವೆ, ಒಳಗಿನ ಟೋರಿಕ್‌ನ ಸಿಲಿಂಡರ್ ಮಾತ್ರ ಹಾಗೇ ಎದ್ದು ನಿಲ್ಲುತ್ತದೆ. ಅಂಥ ಸಾಧ್ಯತೆ ಇದ್ದವರಿಗೆ ಸಿಲಿಂಡರ್ ಇಲ್ಲದ ಐಸಿಎಲ್ಲೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಡಾಕ್ಟರನ್ನು ಇದೊಂದು ಕೇಳಿಯೇ ಸಹಿ ಹಾಕಿ.

ಕಾಫಿ ಕೊಯ್ಲಿನ ಸಮಯಕ್ಕೆ ಆಪರೇಷನ್ ಇಟ್ಟುಕೊಳ್ಳಬೇಡಿ. ಕಣದ ದೂಳು, ಬೆವರು, ಕಣ್ಣುಜ್ಜುವ ಚಾಳಿ ಮೂರೂ ಒಟ್ಟಿಗೆ ಬರುತ್ತವೆ. ಆಪರೇಷನ್ ಆದ ದಿನ ರಾತ್ರಿ ಕಣ್ಣು ಜೋರಾಗಿ ನೋಯುತ್ತಾ ವಾಂತಿ ಬಂದರೆ ಅದು ಗ್ಯಾಸ್ ಅಲ್ಲ, ಪ್ರೆಶರ್ ಇರಬಹುದು. ಬೆಳಗಿನ ಬಸ್ಸಿಗೆ ಕಾಯದೆ ಮಾಡಿದ ಡಾಕ್ಟರಿಗೆ ಫೋನ್ ಮಾಡಿ, ಹತ್ತಿರದ ಕಣ್ಣಾಸ್ಪತ್ರೆಗೆ ಆಗಲೇ ಹೋಗಿ ಪ್ರೆಶರ್ ನೋಡಿಸಿ.