ಹಿಂದಿನ ಗೇಟು

ಲಗ್ಗೆರೆಯಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇದೆ. ಒಂದು ಶಟರ್, ಎರಡು ಮೆಷಿನ್, ಒಂದು ಕಂಪ್ಯೂಟರ್. ಬಾಡಿಗೆ ಕರಾರು, ಜಾತಿ ಪ್ರಮಾಣಪತ್ರದ ಅರ್ಜಿ, ಮಕ್ಕಳ ಪ್ರಾಜೆಕ್ಟು, ಹೀಗೆ ದಿನ ಹೋಗುತ್ತದೆ. 2025ರ ಜೂನ್‌ನಲ್ಲಿ ಒಂದು ಬೆಳಿಗ್ಗೆ ಶಟರ್ ಎತ್ತುವಾಗ ಎದುರಿನ ಖಾಲಿ ಮಳಿಗೆಗೆ ಗ್ರಿಲ್ ಕೂರಿಸುತ್ತಿದ್ದರು. ಎದೆಯ ಎತ್ತರಕ್ಕೆ ಒಂದು ಕೈ ತೂರುವಷ್ಟು ಕಿಂಡಿ, ಮಿಕ್ಕಿದ್ದೆಲ್ಲ ಜಾಲರಿ. ಹೂವಿನ ಅಂಗಡಿ ಅಕ್ಕ ಆ ಕಿಂಡಿ ನೋಡಿದ್ದೇ ತಡ, "ಇದು ವೈನ್ ಸ್ಟೋರೇ ಕಣಮ್ಮ" ಅಂದರು.

ವೆಲ್ಡಿಂಗ್ ಹುಡುಗನನ್ನು ಕೇಳಿದೆ. "ಎಂಆರ್‌ಪಿ ಶಾಪ್ ಅಂತೆ ಮೇಡಂ. ಜುಲೈ ಒಂದಕ್ಕೆ ಓಪನ್" ಎಂದ. ಜುಲೈ ಒಂದೇ ಯಾಕೆ ಅಂತ ನನಗೆ ಆಮೇಲೆ ಗೊತ್ತಾಯಿತು. ಅಬಕಾರಿ ಲೆಕ್ಕದ ವರ್ಷ ಜುಲೈ 1ಕ್ಕೆ ಶುರು, ಜೂನ್ 30ಕ್ಕೆ ಮುಗಿಯುತ್ತದೆ. ಲೈಸೆನ್ಸ್ ನವೀಕರಣವೂ ಆಗಲೇ. ನಾವು ಲೈಸೆನ್ಸ್ ಅನ್ನುವುದನ್ನು ಕಡತದಲ್ಲಿ ಸನ್ನದು ಅಂತ ಬರೆಯುತ್ತಾರೆ.

ನಮ್ಮ ರಸ್ತೆ ದೊಡ್ಡದಲ್ಲ. ಎರಡು ಆಟೋ ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಬೇಕು. ಸಂಜೆ ಆರರ ಹೊತ್ತಿಗೆ ಪೀಣ್ಯದ ಕಡೆಯ ಗಾರ್ಮೆಂಟ್ಸ್‌ನಿಂದ ಹೆಣ್ಣುಮಕ್ಕಳು ಗುಂಪುಗುಂಪಾಗಿ ಇದೇ ರಸ್ತೆಯಲ್ಲಿ ಬರುತ್ತಾರೆ. ಟಿಫಿನ್ ಬ್ಯಾಗು ಹೆಗಲಿಗೆ, ಸೊಪ್ಪಿನ ಕಟ್ಟು ಕೈಯಲ್ಲಿ. ರಸ್ತೆಯ ಕೊನೆಗೆ ಸರ್ಕಾರಿ ಪ್ರಾಥಮಿಕ ಶಾಲೆ. ಅದರ ಕಾಂಪೌಂಡಿನೊಳಗೇ ಅಂಗನವಾಡಿ. ಶಾಲೆಯ ದೊಡ್ಡ ಗೇಟು ಆ ಕಡೆ ಮುಖ್ಯರಸ್ತೆಗೆ. ಈ ಕಡೆಗೆ ಒಂದು ಸಣ್ಣ ಗೇಟು. ಅಂಗನವಾಡಿ ಮಕ್ಕಳು ಬರುವುದು, ಹೋಗುವುದು ಅದರಲ್ಲೇ.

ಕುಡಿತವೇ ನಿಂತುಹೋಗಲಿ ಅನ್ನುವವಳು ನಾನಲ್ಲ. ನನ್ನ ಗಂಡ ಹಬ್ಬಕ್ಕೆ, ಮದುವೆಗೆ ಒಂದು ಬಿಯರ್ ಕುಡಿಯುತ್ತಾರೆ. ಅದಕ್ಕೆ ನನ್ನ ಜಗಳವಿಲ್ಲ. ಆದರೆ ನಾನು ಮಾಗಡಿ ತಾಲ್ಲೂಕಿನ ಹಳ್ಳಿಯವಳು, ಸಾರಾಯಿ ಪ್ಯಾಕೆಟ್ಟಿನ ಕಾಲದವಳು. ಅಪ್ಪ ಕೂಲಿ ಮುಗಿಸಿ ಮನೆಗೆ ಬರುವ ದಾರಿಯಲ್ಲೇ ಅಂಗಡಿ ಇತ್ತು. ದಾರಿ ಬೇರೆ ಇದ್ದಿದ್ದರೆ ದಿನಾ ಕುಡಿಯುತ್ತಿರಲಿಲ್ಲವೇನೋ ಅಂತ ಅಮ್ಮ ಈಗಲೂ ಹೇಳುತ್ತಾರೆ. 2007ರ ಜುಲೈ 1ರಿಂದ ಸರ್ಕಾರ ಸಾರಾಯಿ ನಿಲ್ಲಿಸಿತು. ಅಷ್ಟೊತ್ತಿಗೆ ಅಪ್ಪ ಇರಲಿಲ್ಲ. ಹಾಗಾಗಿ ಅಂಗಡಿ ಎಲ್ಲಿರುತ್ತದೆ ಅನ್ನುವುದು ನನಗೆ ಸಣ್ಣ ವಿಷಯವಲ್ಲ.

ಅವತ್ತು ಮಧ್ಯಾಹ್ನ ನಿಯಮ ಹುಡುಕಿ ಓದಿದೆ. ಟೈಪಿಂಗ್ ಕೆಲಸದವಳಿಗೆ ಸರ್ಕಾರಿ ಭಾಷೆ ಹೊಸದಲ್ಲ, ಆದರೂ ತಲೆ ಬಿಸಿಯಾಯಿತು. ಅಂಗಡಿಯ ಬಗೆಗೆ ತಕ್ಕ ಹಾಗೆ ಸನ್ನದಿಗೆ ಒಂದೊಂದು ನಂಬರು. ಬಾಟಲಿ ಮಾತ್ರ ಮಾರುವ ಅಂಗಡಿಗೆ ಸಿಎಲ್-2. ಬಾರ್ ಅಂಡ್ ರೆಸ್ಟೋರೆಂಟಿಗೆ ಸಿಎಲ್-9. ರೂಮು ಇರುವ ಹೋಟೆಲಿಗೆ ಸಿಎಲ್-7. ಸರ್ಕಾರದ್ದೇ ಸಂಸ್ಥೆಯಾದ ಎಂಎಸ್‌ಐಎಲ್ ಮಳಿಗೆಗೆ ಸಿಎಲ್-11ಸಿ. ಇದರಲ್ಲಿ ಸಿಎಲ್-2, ಸಿಎಲ್-9 ಹೊಸದಾಗಿ ಕೊಡುವುದನ್ನು 1992ರಲ್ಲೇ ನಿಲ್ಲಿಸಿದ್ದರು. ಹಾಗಾದರೆ ನಮ್ಮ ಎದುರಿಗೆ ಹೇಗೆ ಬಂತು? ಸ್ಥಳಾಂತರ. ಬೇರೆಲ್ಲೋ ಇದ್ದ ಹಳೇ ಸನ್ನದನ್ನು ಇಲ್ಲಿಗೆ ತರುವುದು. ಸನ್ನದು ಹಳೆಯದು, ಆದರೆ ನಮ್ಮ ರಸ್ತೆಗೆ ಅದು ಹೊಸ ಅಂಗಡಿಯೇ ಅಲ್ವಾ?

1967ರ ಅಬಕಾರಿ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮದಲ್ಲಿ ಇನ್ನೊಂದು ಸಾಲು ಸಿಕ್ಕಿತು. ಶಾಲೆ, ದೇವಸ್ಥಾನ, ಆಸ್ಪತ್ರೆ, ಸರ್ಕಾರಿ ಕಚೇರಿ, ಇವುಗಳಿಂದ 100 ಮೀಟರ್ ಒಳಗೆ ಮದ್ಯದ ಅಂಗಡಿ ಇರಬಾರದು. ಅಳೆಯುವುದು ಹೇಗೆ ಅಂತಲೂ ಅಲ್ಲೇ ಇದೆ. ಅಂಗಡಿ ಬಾಗಿಲಿನ ಮಧ್ಯದಿಂದ ಶುರು. ಜನ ಸಾಮಾನ್ಯವಾಗಿ ನಡೆಯುವ ಹತ್ತಿರದ ದಾರಿ ಹಿಡಿಯಬೇಕು. ಕಾಂಪೌಂಡ್ ಇದ್ದರೆ ಹತ್ತಿರದ ಗೇಟಿನ ಮಧ್ಯದವರೆಗೆ. ಈ ಮಾತನ್ನು ಮೂರು ಸಲ ಓದಿದೆ. ಕಾಗೆ ಹಾರುವ ದೂರವಲ್ಲ, ನಡೆಯುವವರ ದೂರ. ಬರೆದವರು ಯಾರೋ, ಒಮ್ಮೆಯಾದರೂ ರಸ್ತೆಯಲ್ಲಿ ನಡೆದು ಬರೆದಿದ್ದಾರೆ ಅನ್ನಿಸಿತು.

ಅಬಕಾರಿ ಇಲಾಖೆಗೆ ಆಕ್ಷೇಪಣೆ ಟೈಪ್ ಮಾಡಿದೆ. ಸಹಿ ಹಾಕಿಸುವುದೇ ಕಷ್ಟವಾಯಿತು. "ಸುಮ್ನೆ ಯಾಕಮ್ಮ, ಅವರಿಗೆಲ್ಲ ದೊಡ್ಡವರ ಸಪೋರ್ಟ್ ಇರುತ್ತೆ" ಅಂದವರೇ ಜಾಸ್ತಿ. ಮೂಲೆಮನೆಯ ನಿವೃತ್ತ ಮೇಷ್ಟ್ರು 2017ರ ಕಥೆ ತೆಗೆದರು. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿದಾಗ, ಆ ಜುಲೈನಲ್ಲಿ ಎಂ.ಜಿ. ರಸ್ತೆ, ಇಂದಿರಾನಗರದ ಕಡೆ ಎಷ್ಟೋ ಪಬ್ಬುಗಳು ಮುಚ್ಚಿದ್ದವು. ನಗರದೊಳಗಿನ ರಸ್ತೆಗೆ ಅದು ಅನ್ವಯಿಸುವುದಿಲ್ಲ ಅಂತ ಸ್ಪಷ್ಟನೆ ಬಂತು, ಎಲ್ಲ ಮತ್ತೆ ತೆರೆದವು. "ಟೇಪು ಅವರ ಕೈಲಿದೆ, ಅಳತೆ ನಾವು ಹೇಳೋಕಾಗಲ್ಲ" ಅಂದರು ಮೇಷ್ಟ್ರು.

ನಾನು ಅವರಿಗೆ 2023ರ ಜನವರಿಯ ವಿಷಯ ನೆನಪಿಸಿದೆ. ಮದ್ಯ ಕೊಳ್ಳುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡು ನಿಯಮ ಬಂದಿತ್ತು. ಆಕ್ಷೇಪಣೆಗೆ 30 ದಿನ ಕೊಟ್ಟಿದ್ದರು. ಜನ ವಿರೋಧಿಸಿದರು, ಸರ್ಕಾರ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಬರೆದರೆ ಓದುತ್ತಾರೆ ಸಾರ್, ಬರೆಯದೇ ಇದ್ದರೆ ಓದುವುದಕ್ಕೆ ಏನಿದೆ ಅಂದೆ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಮೊದಲ ಸಹಿ ಹಾಕಿದರು. ಎರಡು ಕಡೆ ವ್ಯಾಕರಣ ತಿದ್ದಿದರು. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಂಜೆ ಬರುವಾಗ ಅಂಗಡಿ ಕಟ್ಟೆಯ ಮೇಲೆ ಬ್ಯಾಗಿಟ್ಟು ಸಹಿ ಹಾಕಿದರು. ಒಟ್ಟು 63 ಸಹಿ.

ಇಷ್ಟರಲ್ಲಿ ಸನ್ನದುದಾರರೇ ಒಂದು ದಿನ ಅಂಗಡಿಗೆ ಬಂದರು. ನಾನು ಹೆದರಿದ್ದೆ. ಆದರೆ ಅವರು ಜೋರು ಮಾಡಲಿಲ್ಲ. ಹಳೇ ಜಾಗದಲ್ಲಿ ಕಟ್ಟಡ ಒಡೆಯುತ್ತಿದ್ದಾರಂತೆ, ಜಾಗ ಸಿಗದೆ ಎರಡು ತಿಂಗಳಿಂದ ಅಲೆಯುತ್ತಿದ್ದಾರಂತೆ. "ನಾನು ಕದ್ದು ಮಾರ್ತಿಲ್ಲಮ್ಮ. ಸರ್ಕಾರಕ್ಕೆ ಫೀಸು ಕಟ್ಟಿದೀನಿ, ಸರಕೂ ಸರ್ಕಾರದ ಡಿಪೋದಿಂದಲೇ ಎತ್ತಬೇಕು" ಅಂದರು. ಅದು ನಿಜ. 2003ರಲ್ಲಿ ಸರ್ಕಾರದ ಪಾನೀಯ ನಿಗಮ ಆದಮೇಲೆ ರಾಜ್ಯದಲ್ಲಿ ಸಗಟು ಮಾರಾಟವೆಲ್ಲ ಅದರ ಮೂಲಕವೇ. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. "ನಿಮ್ಮ ಅಂಗಡಿ ಬೇಡ ಅಂತಲ್ಲ ಸಾರ್, ಈ ಜಾಗ ಬೇಡ" ಅಂದೆ. ಅವರು ಏನೂ ಹೇಳದೆ ಒಂದು ಆಧಾರ್ ಜೆರಾಕ್ಸ್ ಮಾಡಿಸಿಕೊಂಡು ಹೋದರು.

ಸ್ಥಳ ಪರಿಶೀಲನೆಗೆ ಅಬಕಾರಿ ಇಲಾಖೆಯ ಇಬ್ಬರು ಬಂದಿದ್ದು ಜೂನ್ ಕೊನೇ ವಾರದ ಒಂದು ಗುರುವಾರ, ಮಧ್ಯಾಹ್ನ ಮೂರೂವರೆಗೆ. ಕೈಯಲ್ಲಿ ಕಡತ, 30 ಮೀಟರಿನ ಹಳದಿ ಟೇಪು. ಕಡತದಲ್ಲಿ ಮೊದಲೇ ಒಂದು ಕೈನಕ್ಷೆ ಇತ್ತು. ಅದರಲ್ಲಿ ಶಾಲೆ ಇತ್ತು, ದೊಡ್ಡ ಗೇಟು ಇತ್ತು, 132 ಮೀಟರ್ ಅಂತ ಬರೆದಿತ್ತು. ಹಿಂದಿನ ಗೇಟೇ ಇರಲಿಲ್ಲ. ನನಗೆ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಯಿತು. ಒಂದು ಗೆರೆ ಬಿಟ್ಟುಹೋದರೆ ನಲವತ್ತು ಮಕ್ಕಳೇ ನಕ್ಷೆಯಿಂದ ಹೊರಗೆ.

"ಈ ಗೇಟು ಬೀಗ ಹಾಕಿದೆಯಲ್ಲ. ಉಪಯೋಗದಲ್ಲಿಲ್ಲ" ಎಂದರು ಒಬ್ಬರು. ಬೀಗ ನಿಜವಾಗಿಯೂ ತುಕ್ಕು ಹಿಡಿದ ಹಾಗೇ ಕಾಣುತ್ತಿತ್ತು. ಅಂಗನವಾಡಿ ಟೀಚರ್ ಒಳಗಿನಿಂದ ಓಡಿಬಂದರು. ಮಕ್ಕಳು ರಸ್ತೆಗೆ ಓಡಬಾರದು ಅಂತ ಹಗಲೆಲ್ಲ ಬೀಗ ಹಾಕಿರುತ್ತೇವೆ ಸಾರ್, ಬೆಳಿಗ್ಗೆ ಸಂಜೆ ತೆಗೆಯುತ್ತೇವೆ ಅಂದರು. ಅವರ ಕೈಯಲ್ಲಿದ್ದ ಕೀಲಿಯನ್ನು ನಾನು ಹತ್ತಿರದಿಂದ ನೋಡಿದೆ. ಅದಕ್ಕೆ ಕೆಂಪು ರಿಬ್ಬನ್ ಕಟ್ಟಿತ್ತು. ದಿನಾ ಮುಟ್ಟಿ ಮುಟ್ಟಿ ರಿಬ್ಬನ್ ಎಣ್ಣೆಗಪ್ಪಾಗಿತ್ತು, ಕೀಲಿಯ ಹಲ್ಲು ಹೊಳೆಯುತ್ತಿತ್ತು. ಬೀಗದ ಹೊರಗೆಲ್ಲ ತುಕ್ಕು, ಕೀಲಿ ತೂರುವ ತೂತಿನ ಸುತ್ತ ಮಾತ್ರ ಬೆಳ್ಳಗೆ ಸವೆದಿತ್ತು. ನಾನು ಅದನ್ನು ಅಧಿಕಾರಿಗೆ ತೋರಿಸಿದೆ. ಅವರು ಬಗ್ಗಿ ನೋಡಿದರು. ಏನೂ ಹೇಳಲಿಲ್ಲ, ಟೇಪು ಬಿಚ್ಚಿದರು.

ಮಳಿಗೆ ಬಾಗಿಲಿನ ಮಧ್ಯಕ್ಕೆ ಸೀಮೆಸುಣ್ಣದಲ್ಲಿ ಗುರುತು. ಅಲ್ಲಿಂದ ಮೂವತ್ತು, ಮತ್ತೆ ಮೂವತ್ತು. ಅಲ್ಲಿಗೆ ಚರಂಡಿ ಬಂತು. ಈಗ ಹೊಸ ತಕರಾರು. ಚರಂಡಿಯ ಮೇಲೆ ಒಂದು ಕಲ್ಲುಚಪ್ಪಡಿ ಇದೆ. ಅದರ ಮೇಲೆ ದಾಟಿದರೆ ಗೇಟು ಎದುರಿಗೇ. ಬಳಸಿಕೊಂಡು ಆ ಕಡೆಯ ಮೋರಿ ಸೇತುವೆಯಿಂದ ಬಂದರೆ 100 ದಾಟುತ್ತದೆ. ಸನ್ನದುದಾರರ ಕಡೆಯವನು, "ಚಪ್ಪಡಿ ದಾರಿ ಅಲ್ಲ ಸಾರ್, ಯಾರೋ ಹಾಕಿರೋದು. ದಾರಿ ಅಂದ್ರೆ ಆ ಕಡೆದು" ಅಂದ. ನಮ್ಮ ಕಡೆಯವರು ಕೂಗಿದರು. ಅವರೂ ಕೂಗಿದರು. ಟೇಪು ರಸ್ತೆಯ ಮೇಲೆ ಹಾಗೇ ಬಿದ್ದಿತ್ತು. ಒಂದು ಸ್ಕೂಟರ್ ಅದರ ಮೇಲೇ ಹತ್ತಿಸಿಕೊಂಡು ಹೋಯಿತು.

ಅಷ್ಟರಲ್ಲಿ ನಾಲ್ಕು ಗಂಟೆಯಾಯಿತು. ಟೀಚರ್ ಗೇಟು ತೆಗೆದರು. ಅಜ್ಜಿಯರು, ಅಕ್ಕಂದಿರು ಆಗಲೇ ಬಂದು ನಿಂತಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಹೊರಗೆ ಬಂದವು. ಎಲ್ಲವೂ ಚಪ್ಪಡಿಯ ಮೇಲೇ. ಒಂದು ಹುಡುಗಿ, ಎರಡು ಜುಟ್ಟು, ಚಪ್ಪಡಿಯ ಮಧ್ಯಕ್ಕೆ ಬಂದು ಎರಡೂ ಕಾಲು ಜೋಡಿಸಿ ಒಂದು ಸಲ ಜಿಗಿದಳು. ಅದು ಅವಳ ದಿನದ ಆಟ ಇರಬೇಕು. ಅಜ್ಜಿ ಆಗಲೇ ಕೈ ನೀಡಿಕೊಂಡು ನಿಂತಿದ್ದರು. ಆಮೇಲೆ ಅವರಿಬ್ಬರೂ ಟೇಪು ತುಳಿಯದ ಹಾಗೆ ಪಕ್ಕದಲ್ಲೇ ನಡೆದುಕೊಂಡು, ಗ್ರಿಲ್ಲಿನ ಮಳಿಗೆ ದಾಟಿ, ನನ್ನ ಅಂಗಡಿ ದಾಟಿ ಹೋದರು.

ಯಾರೂ ಮಾತಾಡಲಿಲ್ಲ. ಹಿರಿಯ ಅಧಿಕಾರಿ ಕೊನೇ ಮಗು ಹೋಗುವವರೆಗೂ ನೋಡುತ್ತಾ ನಿಂತಿದ್ದರು. ಆಮೇಲೆ ಟೇಪಿನ ತುದಿ ತಾವೇ ಎತ್ತಿಕೊಂಡು ಚಪ್ಪಡಿಯ ಮೇಲೆ ಹಾಯಿಸಿದರು. 84 ಮೀಟರ್ 60 ಸೆಂಟಿಮೀಟರ್. ಅದನ್ನೇ ಬರೆದುಕೊಂಡರು. ಮೇಷ್ಟ್ರು ನನ್ನ ಪಕ್ಕದಲ್ಲಿದ್ದರು. ಅವರ ಕಣ್ಣು ಒದ್ದೆಯಾಗಿತ್ತು.

ಜುಲೈ 1ಕ್ಕೆ ಅಂಗಡಿ ತೆರೆಯಲಿಲ್ಲ. ಎರಡು ವಾರ ಬಿಟ್ಟು ಗ್ರಿಲ್ ಬಿಚ್ಚಿಕೊಂಡು ಹೋದರು. ಈಗ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ.

ಆ ವರ್ಷದ ಮಾರ್ಚ್ ಬಜೆಟ್ಟಿನಲ್ಲಿ ಮುಖ್ಯಮಂತ್ರಿಗಳು ಒಂದು ಬದಲಾವಣೆ ಹೇಳಿದ್ದರು. ನಿಂತುಹೋದ, ಹಂಚಿಕೆಯಾಗದೆ ಉಳಿದ ಸನ್ನದುಗಳನ್ನು ಎಲೆಕ್ಟ್ರಾನಿಕ್ ಹರಾಜಿನಲ್ಲಿ ಕೊಡುವುದು. ಅಬಕಾರಿಯಿಂದ ಆ ವರ್ಷಕ್ಕೆ 40,000 ಕೋಟಿ ರೂಪಾಯಿ ಗುರಿ. ಸರ್ಕಾರ ನಡೆಯುವುದಕ್ಕೆ ದುಡ್ಡು ಬೇಕು, ಅದು ನನಗೂ ಅರ್ಥವಾಗುತ್ತದೆ. ಶಿಫಾರಸಿಗಿಂತ ಹರಾಜು ಮೇಲು ಅಂತಲೂ ಒಪ್ಪುತ್ತೇನೆ. ಆದರೆ ದೊಡ್ಡ ಮೊತ್ತ ಕೂಗಿದವನು ಆ ದುಡ್ಡು ವಾಪಸ್ ಬರುವ ಜಾಗವನ್ನೇ ಹುಡುಕುತ್ತಾನೆ. ಸಂಜೆ ಹೆಚ್ಚು ಜನ ಓಡಾಡುವ ರಸ್ತೆ, ಸಂಬಳ ಬಂದ ದಿನ ಜನ ನಡೆಯುವ ರಸ್ತೆ. ನಮ್ಮಂಥ ರಸ್ತೆ. ಬಾಟಲಿ ಮಾತ್ರ ಮಾರುವ ಅಂಗಡಿಯಲ್ಲಿ ಕೂತು ಕುಡಿಯುವ ಹಾಗಿಲ್ಲ. ಹಾಗಾದರೆ 90 ಎಂಎಲ್ ಟೆಟ್ರಾ ಪ್ಯಾಕ್ ಕೊಂಡವನು ಎಲ್ಲಿ ಕುಡಿಯುತ್ತಾನೆ? ಪಕ್ಕದ ಕಟ್ಟೆಯ ಮೇಲೆ, ನಿಂತ ಟೆಂಪೋ ಹಿಂದೆ, ಶಾಲೆ ಗೋಡೆಗೆ ಒರಗಿ. ನಿಯಮ ಬದಲಾಯಿಸುವಾಗ ಒಂದು ಸಾಲು ಸೇರಿಸಲಿ ಅಂತ ನನ್ನ ಆಸೆ. ಸನ್ನದು ಹೊಸದಿರಲಿ, ಹರಾಜಿನದಿರಲಿ, ಬೇರೆ ಕಡೆಯಿಂದ ಬಂದದ್ದಿರಲಿ, ಗ್ರಿಲ್ ಕೂರಿಸುವ ಮೊದಲು ಆ ಜಾಗದಲ್ಲಿ ಕನ್ನಡದಲ್ಲಿ ದೊಡ್ಡದಾಗಿ ಒಂದು ಬೋರ್ಡು ಹಾಕಲಿ. ಒಂದು ತಿಂಗಳು ಬಿಡಲಿ. ಸಂಜೆ ಆರು ಗಂಟೆಯ ಮೇಲೆ ಒಂದು ಸಭೆ ಕರೆಯಲಿ. ಹಗಲು ಕರೆದರೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬರಲಾರರು.

ಆಗಸ್ಟ್‌ನಲ್ಲಿ ಒಂದು ಸಂಜೆ ಮೂವರು ಹೆಂಗಸರು ಅಂಗಡಿಗೆ ಬಂದರು. ನಾಲ್ಕು ಕ್ರಾಸ್ ಆಚೆಯವರು. ಒಬ್ಬರ ಮುಖ ನೆನಪಿತ್ತು, ನಮ್ಮ ಅರ್ಜಿಗೆ ಸಹಿ ಹಾಕಿದ್ದವರು. ಅದೇ ಸನ್ನದು ಈಗ ಅವರ ರಸ್ತೆಗೆ ಬರುತ್ತಿದೆಯಂತೆ. "ನೀವು ಬರೆದ ಅರ್ಜಿ ಇದೆಯಲ್ಲ, ಅದರದ್ದೇ ಒಂದು ಪ್ರತಿ ಕೊಡಿ ಮೇಡಂ" ಅಂದರು. ಕಂಪ್ಯೂಟರಿನಲ್ಲಿ ಫೈಲು ತೆಗೆದೆ. ನಿಮ್ಮಲ್ಲಿ ಹತ್ತಿರ ಶಾಲೆ ಇದೆಯಾ ಕೇಳಿದೆ. ಇಲ್ಲ. ದೇವಸ್ಥಾನ? ಇಲ್ಲ. ಆಸ್ಪತ್ರೆ, ಸರ್ಕಾರಿ ಕಚೇರಿ? ಇಲ್ಲ. "ಮನೆಗಳಿವೆ" ಅಂದರು.

ಗೇಟಿನ ಪ್ಯಾರಾ ಅಳಿಸಿದೆ. ಅಳತೆಯ ಪ್ಯಾರಾ ಅಳಿಸಿದೆ. ಮೇಲೆ 'ಇವರಿಗೆ', ಕೆಳಗೆ 'ತಮ್ಮ ವಿಶ್ವಾಸಿಗಳು', ನಡುವೆ ಖಾಲಿ. ಸ್ಟೂಲು ಎಳೆದು ಮೂವರನ್ನೂ ಕೂರಿಸಿದೆ. ಕೆಲಸ ಎಷ್ಟು ಗಂಟೆಗೆ ಬಿಡುತ್ತೆ, ಮನೆಗೆ ಯಾವ ದಾರೀಲಿ ಬರ್ತೀರಾ, ನಿಮ್ಮ ಮಾತಲ್ಲೇ ಹೇಳಿ ಅಂದೆ. ಮೊದಲನೆಯವರು ಹೇಳತೊಡಗಿದರು. ನಾನು ಟೈಪ್ ಮಾಡುತ್ತಾ ಹೋದೆ.