ಸೂಜಿ ಕೆಳಗಿಳಿದರೂ ನಂಬಬೇಡಿ

ಮೇ ತಿಂಗಳ ಮಧ್ಯಾಹ್ನ, ಮಂಗಳೂರು ಕಡೆಯಿಂದ ಶಿರಾಡಿ ಘಾಟಿ ಹತ್ತುವ ಕಾರು. ಮುಂದೆ ತೆವಳುವ ಟ್ಯಾಂಕರ್, ಎರಡನೇ ಗೇರು, ಎ.ಸಿ. ಫುಲ್. ಎಂಜಿನ್ ಮೇಲೆ ಭಾರ ಹೆಚ್ಚು, ಎಂಜಿನ್ನಿನ ಬಿಸಿ ಕಳೆಯುವ ರೇಡಿಯೇಟರಿಗೆ ಸಿಗುವ ಗಾಳಿ ಕಡಿಮೆ. ಊರೊಳಗೆ ಓಡಾಡುವಾಗ ಅಡಗಿದ್ದ ಹುಳುಕು ಹೊರಬೀಳುವುದು ಇಂಥಲ್ಲೇ.

ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಬಿಸಿ ತೋರಿಸುವ ಸೂಜಿ ಮಧ್ಯ ದಾಟಿ ಏರತೊಡಗಿದರೆ ಮೊದಲು ಎ.ಸಿ. ಆರಿಸಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರು ಮಾಡಿ. ಒಳಗೆ ಕೂತವರು ಬೇಯುತ್ತಾರೆ ನಿಜ, ಆದರೆ ಹೀಟರ್ ಕೋರ್ ಕೂಡ ಒಂದು ಪುಟ್ಟ ರೇಡಿಯೇಟರೇ. ಅದರಿಂದ ತಣ್ಣನೆ ಗಾಳಿ ಬಂತೋ, ಎಂಜಿನ್ ತಂಪಿಡುವ ದ್ರವ, ಅಂದರೆ ಕೂಲೆಂಟ್, ಅಲ್ಲಿಗೆ ತಲುಪುತ್ತಿಲ್ಲ ಎಂದರ್ಥ: ಒಂದೋ ಸೋರಿ ಹೋಗಿದೆ, ಇಲ್ಲವೇ ಪಂಪ್ ಕೈಕೊಟ್ಟಿದೆ. ಆಗ ಮುಂದಿನ ತಿರುವಿನವರೆಗೂ ಕಾಯಬೇಡಿ. ಇನ್ನೊಂದು ಮೋಸವಿದೆ. ಸೆನ್ಸರ್ ಅಳೆಯುವುದು ಅದನ್ನು ಮುಟ್ಟಿರುವ ದ್ರವದ ಬಿಸಿಯನ್ನು. ಕೂಲೆಂಟ್ ಖಾಲಿಯಾಗಿ ಅದರ ಸುತ್ತ ಬರೀ ಗಾಳಿ ಉಳಿದರೆ ಸೂಜಿ ತಾನಾಗಿ ಕೆಳಗಿಳಿಯಬಹುದು. 'ಸರಿಹೋಯ್ತು' ಎಂದು ಓಡಿಸಿದ ಎರಡು ಮೂರು ಕಿಲೋಮೀಟರಿನಲ್ಲೇ ಎಂಜಿನ್ನಿನ ಮೇಲ್ಭಾಗದ ಅಲ್ಯುಮಿನಿಯಂ ಹೆಡ್ ಸೊಟ್ಟಗಾಗಬಹುದು. ಸೂಜಿಯೇ ಇಲ್ಲದೆ ನೀಲಿ, ಕೆಂಪು ದೀಪ ಮಾತ್ರ ಇರುವ ಕಾರುಗಳಲ್ಲಿ ಕೆಂಪು ಬಂದಾಗಲೇ ತಡವಾಗಿರುತ್ತದೆ.

ಕೆಂಪು ದೀಪ ಬಂದರೆ, ಹಬೆ ಕಂಡರೆ ಎಂಜಿನ್ ಆಫ್. ಬಾನೆಟ್ ತೆರೆಯಿರಿ, ರೇಡಿಯೇಟರಿನ ಕ್ಯಾಪ್ ಮುಟ್ಟಬೇಡಿ. ಹೊರಗಿನ ಗಾಳಿಗಿಂತ ಸುಮಾರು 1 ಬಾರ್ ಹೆಚ್ಚಿನ ಒತ್ತಡದಲ್ಲಿ ಬರೀ ನೀರು ಕುದಿಯುವುದು 120 ಡಿಗ್ರಿಗೆ. ಕ್ಯಾಪ್ ತೆಗೆದ ಕ್ಷಣ ಒತ್ತಡ ಬಿದ್ದು ಒಳಗಿನದೆಲ್ಲ ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ. ಮುಕ್ಕಾಲು ಗಂಟೆ ಬಿಟ್ಟು, ರೇಡಿಯೇಟರಿನ ಮೇಲಿನ ಹೋಸ್ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗಿ, ಅದುಮಿದರೆ ಮೆತ್ತಗಿದ್ದರೆ ಮಾತ್ರ ದಪ್ಪ ಬಟ್ಟೆ ಹಾಕಿ ನಿಧಾನ ತಿರುಗಿಸಿ. ಬಿಸಿ ಎಂಜಿನ್ ಮೇಲೆ ಕೊಡದಲ್ಲಿ ನೀರು ಸುರಿಯುವ ಚಾಳಿಯಂತೂ ಬೇಡವೇ ಬೇಡ, ಲೋಹ ಬಿರುಕು ಬಿಡುತ್ತದೆ.

ಸೋರುತ್ತಿರುವುದು ಹೋಸಿನ ತುದಿಯಲ್ಲಾದರೆ ಕ್ಲಿಪ್ ಬಿಗಿ ಮಾಡಿ. ತುದಿಯೇ ಸೀಳಿದ್ದರೆ, ಉದ್ದ ಸಾಕಾಗುವಂತಿದ್ದರೆ, 2 ಸೆಂಟಿಮೀಟರ್ ಕತ್ತರಿಸಿ ಮತ್ತೆ ಕೂರಿಸಿ. ಕುಡಿಯುವ ನೀರಿನ ಬಾಟಲಿಯಿಂದ ತುಂಬಿಸಿ ಗ್ಯಾರೇಜು ಮುಟ್ಟಬಹುದು, ಆದರೆ ಅದನ್ನೇ ಬಿಡಬೇಡಿ. ಬೋರ್‌ವೆಲ್ ನೀರಂತೂ ಮನೆಯ ಗೀಸರಿನಲ್ಲಿ ಕಟ್ಟುವ ಬಿಳಿ ಪದರವನ್ನೇ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲೂ ಕಟ್ಟುತ್ತದೆ.

ಕಾರಣ ಹುಡುಕಲು ಒಂದು ಪ್ರಶ್ನೆ ಸಾಕು: ಬಿಸಿ ಏರುವುದು ಯಾವಾಗ? ಸಿಗ್ನಲಿನಲ್ಲಿ ಏರಿ ಹೈವೇಯಲ್ಲಿ ಇಳಿದರೆ ಫ್ಯಾನ್. ಎಂಜಿನ್ ಓಡುವಾಗ ಎ.ಸಿ. ಹಾಕಿ ನೋಡಿ, ಬಹುತೇಕ ಕಾರುಗಳಲ್ಲಿ ಫ್ಯಾನ್ ಕೂಡಲೇ ತಿರುಗಬೇಕು. ತಿರುಗದಿದ್ದರೆ ಮೊದಲು ಫ್ಯೂಸು, ರಿಲೇ, ಆಮೇಲೆ ಮೋಟಾರು. ವೇಗದಲ್ಲಿ, ಏರಿನಲ್ಲಿ ಮಾತ್ರ ಬಿಸಿಯಾದರೆ ರೇಡಿಯೇಟರ್ ಕಟ್ಟಿದೆ ಅಥವಾ ಬಿಸಿಯೇರಿದಾಗ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಕವಾಟ, ಅಂದರೆ ಥರ್ಮೋಸ್ಟ್ಯಾಟ್, ಪೂರ್ತಿ ತೆರೆಯುತ್ತಿಲ್ಲ. ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಸೂಜಿ ಏರಿ, ಕೆಳಗಿನ ಹೋಸ್ ಇನ್ನೂ ತಣ್ಣಗಿದ್ದರೆ ಥರ್ಮೋಸ್ಟ್ಯಾಟ್ ಮುಚ್ಚಿಯೇ ಸಿಕ್ಕಿಕೊಂಡಿದೆ. ಬಿಚ್ಚಿ, ಪಾತ್ರೆಯ ನೀರಿನಲ್ಲಿ ಮುಳುಗಿಸಿ ಕಾಯಿಸಿ, ಪಕ್ಕದಲ್ಲಿ ಥರ್ಮಾಮೀಟರ್ ಇರಲಿ. ಸಾಮಾನ್ಯವಾಗಿ 82ರಿಂದ 88 ಡಿಗ್ರಿಯೊಳಗೆ ಬಾಯಿ ಬಿಡಲು ಶುರುಮಾಡಬೇಕು. 'ನಮ್ಮ ಹವಾಮಾನಕ್ಕೆ ಇದು ಬೇಡ ಸಾರ್' ಎಂದು ಅದನ್ನು ಕಿತ್ತೆಸೆಯುವ ಮೆಕ್ಯಾನಿಕ್ಕುಗಳಿದ್ದಾರೆ. ಆಗ ಎಂಜಿನ್ ಸರಿಯಾಗಿ ಬಿಸಿಯೇರದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚು. ಹೊಸದು ಹಾಕಿಸಿ.

ಕೂಲೆಂಟ್ ಬಣ್ಣ ನೋಡಿ ಕೊಳ್ಳಬೇಡಿ. ಹಸಿರು, ಕೆಂಪು ಕಂಪನಿಯ ಇಷ್ಟ. ಕಾರಿನ ಕೈಪಿಡಿ ಹೇಳುವ ಬಗೆಯನ್ನೇ ತನ್ನಿ, ಕಾನ್ಸಂಟ್ರೇಟ್ ಆದರೆ ಡಿಸ್ಟಿಲ್ಡ್ ವಾಟರಿನೊಂದಿಗೆ ಅರ್ಧಕ್ಕರ್ಧ. ರೆಡಿ ಟು ಯೂಸ್ ಎಂದಿದ್ದರೆ ಹನಿ ನೀರೂ ಸೇರಿಸಬೇಡಿ. ಸಣ್ಣ ಕಾರಿಗೆ ಹೆಚ್ಚುಕಡಿಮೆ 4 ಲೀಟರ್ ಹಿಡಿಯುತ್ತದೆ.

ತುಂಬಿಸಿದ ಮೇಲೆ ಗಾಳಿ ತೆಗೆಯದಿದ್ದರೆ ಮಾಡಿದ್ದೆಲ್ಲ ದಂಡ. ಎಂಜಿನ್ ತಣ್ಣಗಿರುವಾಗ ಕಾರಿನ ಮೂತಿ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹೀಟರ್ ಬಿಸಿಗಿಟ್ಟು, ಕ್ಯಾಪ್ ತೆರೆದೇ ಐಡ್ಲಿಂಗಿನಲ್ಲಿ ಓಡಿಸಿ. ಮೇಲಿನ ಹೋಸನ್ನು ಆಗಾಗ ಅದುಮಿ. ಗುಳ್ಳೆ ಬಂದು ಮಟ್ಟ ಇಳಿದಂತೆ ತುಂಬಿಸುತ್ತ ಬನ್ನಿ, ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕಿ. ಫ್ಯಾನ್ ಎರಡು ಸಲ ತಿರುಗಿ ನಿಂತರೆ ಕೆಲಸ ಆಯಿತು. ಮರುದಿನ ಬೆಳಿಗ್ಗೆ, ತಣ್ಣಗಿದ್ದಾಗ, ಮಟ್ಟ ಮತ್ತೊಮ್ಮೆ ನೋಡಿ.

ಎಷ್ಟು ಹೊತ್ತಾದರೂ ಗುಳ್ಳೆ ನಿಲ್ಲದಿದ್ದರೆ, ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಿದ್ದರೆ, ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಹೆಡ್ಡಿನ ಅಡಿಯ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿರುವ ಸಾಧ್ಯತೆಯೇ ಹೆಚ್ಚು. ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚಲು ಬಿಡಬೇಡಿ. ಹೆಡ್ಡಿನ ಮೇಲೆ ಸ್ಟ್ರೈಟ್ ಎಡ್ಜ್ (ನೇರ ಅಂಚಿನ ಪಟ್ಟಿ) ಇಟ್ಟು, ಅಡಿಯ ಸಂದನ್ನು ಫೀಲರ್ ಗೇಜಿನ ತೆಳು ತಗಡುಗಳಲ್ಲಿ ಅಳೆಸಿ, ಮಿತಿ ದಾಟಿದ್ದರೆ ಲೇತಿಗೆ ಕಳಿಸಿ ಮೇಲ್ಮೈ ಸಮ ಮಾಡುವ ಫೇಸಿಂಗ್ ಮಾಡಿಸಿ. ಹೆಡ್ ಬೋಲ್ಟುಗಳನ್ನು ಮರುಬಳಸಬಾರದೆಂದು ಕೈಪಿಡಿಯಲ್ಲಿದ್ದರೆ ಅವನ್ನೂ ಹೊಸದಾಗಿ ಕೊಡಿಸಿ, ಬಿಗಿ ಎಷ್ಟೆಂದು ಅಳೆಯುವ ಟಾರ್ಕ್ ರೆಂಚಿನಲ್ಲೇ ಬಿಗಿ ಮಾಡಿಸಿ.